ಸ್ಕ್ರೂಡ್ರೈವರ್ ಯಾವ ಮನೆಗೆ ಸೇರಬೇಕು?

ಫೆಬ್ರವರಿ 3

ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರ.

ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ದಿನವಿಡೀ ಕಂಡವರ ವಿಳಾಸ ಬರೆಯುವವಳು ಇವತ್ತು ನಿಮ್ಮ ವಿಳಾಸ ಬರೆದಿದ್ದೇನೆ. ಫೋನ್ ಮಾಡಬಾರದಿತ್ತೇ ಎನ್ನಬೇಡಿ. ಮಾಡಿದೆ, ನೀವು ಎತ್ತಲಿಲ್ಲ. ನಿಮ್ಮ ಮಗ ಮಾಡಿದರೆ ಎತ್ತುತ್ತೀರಿ, ಎರಡು ಮಾತಾಡಿ ಇಟ್ಟುಬಿಡುತ್ತೀರಿ. ನಾನು ಮಾಡಿದರೆ ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತದೆ. ಇವರನ್ನು ಕೇಳಿದರೆ, "ಅಮ್ಮಂಗೆ ಫೋನ್ ಅಂದ್ರೆ ಅಷ್ಟಕ್ಕಷ್ಟೆ. ಕಾಗದ ಬರಿ, ಓದ್ತಾಳೆ" ಅಂದರು.

ವಿಷಯ ಏನೆಂದರೆ, ಸಂಜೆ ಹೊತ್ತು ನಾನು ಒಂದು ತರಗತಿಗೆ ಸೇರಿದ್ದೇನೆ. ಸ್ವಂತ ಕೆಲಸ ಶುರುಮಾಡುವುದು ಹೇಗೆ, ಇರುವುದನ್ನು ಬೆಳೆಸುವುದು ಹೇಗೆ ಎಂದು ಹೇಳಿಕೊಡುತ್ತಾರೆ. ಮೊದಲ ಪಾಠದ ಹೆಸರು ಸ್ವಾಟ್. ಹೆಸರು ಕೇಳಿ ಹೆದರಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಮನೆ ಗೀಚುವುದು, ಅಷ್ಟೆ. ಮೇಲೆ ಶಕ್ತಿ, ದೌರ್ಬಲ್ಯ. ಕೆಳಗೆ ಅವಕಾಶ, ಅಪಾಯ. ಮೇಲಿನ ಎರಡು ನಮ್ಮೊಳಗಿನವು, ಕೆಳಗಿನ ಎರಡು ಹೊರಗಿನಿಂದ ಬರುವವು. ಇರುವುದನ್ನು ಇರುವ ಹಾಗೆ ಬರೆದರೆ ಮುಂದೇನು ಮಾಡಬೇಕು ಅನ್ನುವುದು ತಾನಾಗಿ ಕಾಣುತ್ತದೆ ಎಂದು ಮೇಷ್ಟ್ರು ಹೇಳುತ್ತಾರೆ. ನಿಮಗೆ ಗೊತ್ತಿರುವವರ ಯಾವುದಾದರೂ ಅಂಗಡಿ ಹಿಡಿದು ಬರೆಯಿರಿ ಅಂದರು. ಉಳಿದವರು ದಿನಸಿ ಅಂಗಡಿ, ಸಲೂನು ಎಂದೆಲ್ಲ ಹಿಡಿದರು. ನಾನು ನಿಮ್ಮ ಹೊಲಿಗೆ ಮಷಿನ್ ರಿಪೇರಿ ಅಂಗಡಿ ಅಂದಾಗ ಎಲ್ಲರೂ ತಿರುಗಿ ನೋಡಿದರು.

ಹಾಗಾಗಿ ಕೇಳುತ್ತಿದ್ದೇನೆ. ಮಷಿನ್ ಕೆಟ್ಟಿದೆ ಎಂದು ಬಂದವರಿಗೆ ಮೊದಲು ಏನು ಕೇಳುತ್ತೀರಿ? ಯಾವ ರಿಪೇರಿ ಕಷ್ಟ? ಮಾವ ಹೋದ ಮೇಲೆ ನೀವೊಬ್ಬರೇ ಅಂಗಡಿ ತೆರೆದಾಗ ಜನ ಏನಂದರು? ಕೈಗೆ ಅಂಟಿದ ಎಣ್ಣೆ ಯಾವುದರಿಂದ ಹೋಗುತ್ತದೆ? ಕೊನೆಯದು ಪಾಠಕ್ಕಲ್ಲ, ನನಗೇ ಕುತೂಹಲ.

ಖಾಲಿ ಹಾಳೆ ಜೊತೆಗಿದೆ.

ಸೊಸೆ


ಫೆಬ್ರವರಿ 11

ಪ್ರಶ್ನೆಪತ್ರಿಕೆಗೆ ಆಶೀರ್ವಾದ.

ಇನ್ನು ಮೇಲೆ ನಿನಗೆ ಇದೇ ಹೆಸರು. ನಿನ್ನ ಮಾವ ಜೀವಮಾನವೆಲ್ಲ ಕೇಳದಷ್ಟು ಪ್ರಶ್ನೆಯನ್ನು ಒಂದೇ ಕಾಗದದಲ್ಲಿ ತುರುಕಿದ್ದೀಯ. ಎಣ್ಣೆಗೆ ಮೊದಲು ಮರದ ಹೊಟ್ಟು ಹಾಕಿ ಉಜ್ಜಬೇಕು, ಆಮೇಲೆ ಸೋಪು. ಉಗುರಿನ ಸಂದಿಯದು ಹೋಗುವುದಿಲ್ಲ, ಬಿಟ್ಟುಬಿಡಬೇಕು.

ನಿನ್ನ ನಾಲ್ಕು ಮನೆಗೆ ಬರುತ್ತೇನೆ.

ಶಕ್ತಿ ಎಂದರೆ ನನ್ನ ಸ್ಕ್ರೂಡ್ರೈವರ್. ನಗಬೇಡ. ಮಷಿನ್ ತಂದವರು "ಅದೇನೋ ಒಂಥರಾ ಸದ್ದು ಬರ್ತಿದೆ" ಅನ್ನುತ್ತಾರೆ. ಎಂಥ ಸದ್ದು ಎಂದು ಹೇಳಲು ಅವರಿಗೆ ಬರುವುದಿಲ್ಲ. ನಾನು ದಾರ ತೆಗೆಸಿ, ಸುಮ್ಮನೆ ಓಡಿಸಿ ಅನ್ನುತ್ತೇನೆ. ಸ್ಕ್ರೂಡ್ರೈವರಿನ ತುದಿಯನ್ನು ಮಷಿನ್ನಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತೇನೆ. ತುದಿಯನ್ನು ಸ್ವಲ್ಪ ಸ್ವಲ್ಪವೇ ಜರುಗಿಸುತ್ತ ಹೋದರೆ ಎಲ್ಲಿ ಉಜ್ಜುತ್ತಿದೆ, ಎಲ್ಲಿ ಸಡಿಲ, ಎಲ್ಲಿ ಎಣ್ಣೆ ಒಣಗಿದೆ, ಎಲ್ಲ ಗೊತ್ತಾಗುತ್ತದೆ. ಇದನ್ನು ನೋಡಲೆಂದೇ ದಾರಿಹೋಕರು ನಿಲ್ಲುತ್ತಾರೆ. ಬೀದಿಯಲ್ಲಿ ನನಗೆ ಡಾಕ್ಟ್ರಮ್ಮ ಎಂದೇ ಹೆಸರು. ನಿನ್ನ ಮಾವ ಬರೀ ಕಿವಿಯಿಂದ ಕೇಳುತ್ತಿದ್ದರು. ಈ ಸ್ಕ್ರೂಡ್ರೈವರ್ ವಿದ್ಯೆ ನನ್ನದೇ, ಅವರದಲ್ಲ.

ದೌರ್ಬಲ್ಯ. ಅಂಗಡಿಯ ಮೆಟ್ಟಿಲು ಒಡೆದಿದೆ. ನನ್ನ ನಾಲಿಗೆ ಸ್ವಲ್ಪ ಹರಿತ. ನಾಳೆ ಕೊಡುತ್ತೇನೆ ಅಂದಿದ್ದನ್ನು ನಾಡಿದ್ದು ಕೊಡುತ್ತೇನೆ. ಇಷ್ಟೇ.

ಅವಕಾಶ. ಹಿಂದಿನ ಬೀದಿಯಲ್ಲಿ ಅಂಗಿ ಹೊಲಿಯುವ ಕಾರ್ಖಾನೆ ಇದೆ, ಒಂದು ಹಾಲ್ ತುಂಬ ಮಷಿನ್ನು. ಅಲ್ಲಿನ ಮೆಕ್ಯಾನಿಕ್ ಬಿಟ್ಟುಹೋದ. ಮ್ಯಾನೇಜರ್ ಖುದ್ದಾಗಿ ಬಂದು, "ಡಾಕ್ಟ್ರಮ್ಮ, ನೀವೇ ನೋಡ್ಕೊಳ್ಳಿ" ಅಂದ. ಆಗುವುದಿಲ್ಲ ಅಂದೆ. ಮಾರ್ಚ್ ಕೊನೆಯವರೆಗೆ ಯೋಚನೆ ಮಾಡಿ ಎಂದು ಹೇಳಿ ಹೋಗಿದ್ದಾನೆ.

ಅಪಾಯ. ಈಗ ಮನೆಯಲ್ಲಿ ಹೊಲಿಯುವವರು ಯಾರಿದ್ದಾರೆ? ಕೆಲವು ದಿನ ಬಾಗಿಲು ತೆಗೆಯುವುದು, ಬಾಗಿಲು ಹಾಕುವುದು, ಇದೇ ಕೆಲಸ. ಹೀಗೇ ಆದರೆ ಈ ವರ್ಷ ಅಂಗಡಿ ಮುಚ್ಚಿ ನಿಮ್ಮ ಮನೆಗೆ ಬಂದು ಸೋಫಾದ ಮೇಲೆ ಕೂರಬೇಕಾಗುತ್ತದೆ. ಅದು ನನಗೂ ಅಪಾಯ, ನಿನಗೂ ಅಪಾಯ.

ಅತ್ತೆ


ಫೆಬ್ರವರಿ 20

ಅತ್ತೆ,

ನಿಮ್ಮ ಹಾಳೆ ತರಗತಿಯಲ್ಲಿ ಗೆದ್ದುಬಿಟ್ಟಿತು! ಮೇಷ್ಟ್ರು ಕಪ್ಪುಹಲಗೆಯ ಮೇಲೆ ಸ್ಕ್ರೂಡ್ರೈವರ್ ಬಿಡಿಸಿದರು. ಅದು ಸೌಟಿನ ಹಾಗೆ ಕಾಣುತ್ತಿತ್ತು, ಅದು ಬೇರೆ ಮಾತು. "ಇದು ಬೇರೆ ಯಾರ ಹತ್ತಿರಾನೂ ಇಲ್ಲ. ಶಕ್ತಿ ಅಂದ್ರೆ ಇದು" ಅಂದರು. ನಾನು ಮನೆಗೆ ಬಂದು ಮಿಕ್ಸಿ ಹಾಕಿ ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕೇಳಿದೆ. ತಲೆಯೊಳಗೇ ಮಿಕ್ಸಿ ಓಡಿದ ಹಾಗಾಯಿತು. ಇವರು ಹೆದರಿ ಪ್ಲಗ್ ಕಿತ್ತರು.

ಈಗ ಮುಂದಿನ ಹೆಜ್ಜೆ. ಶಕ್ತಿಯಿಂದ ಅವಕಾಶಕ್ಕೆ ಒಂದು ಗೆರೆ ಎಳೆಯಬೇಕು. ನಿಮ್ಮ ಹಾಳೆಯಲ್ಲಿ ಆ ಗೆರೆ ತಾನಾಗಿ ಬರುತ್ತದೆ: ಇಲ್ಲಿ ಸ್ಕ್ರೂಡ್ರೈವರ್, ಅಲ್ಲಿ ಕಾರ್ಖಾನೆ. ಅದು ಅಪಾಯವನ್ನೂ ಕಳೆಯುತ್ತದೆ. ಹಾಗಿರುವಾಗ ಯಾಕೆ ಬೇಡ ಅಂದಿರಿ? ಮೇಷ್ಟ್ರೂ ಅದನ್ನೇ ಕೇಳಿದರು. ಬೇರೆಯವರ ಕೈಕೆಳಗೆ ಕೆಲಸ ಮಾಡುವುದು ನಿಮಗೆ ಇಷ್ಟವಿಲ್ಲ, ಅದಕ್ಕೇ ಅಲ್ಲವೇ?

ಭಾನುವಾರ ಫೋನ್ ಮಾಡಿದ್ದೆ. ನೀವು ಎತ್ತಿದಿರಿ ಎಂದು ಖುಷಿಯಾಗಿ ಕಾರ್ಖಾನೆ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನೀವು "ಆಯ್ತು, ಆಯ್ತು" ಎಂದು ಇಟ್ಟುಬಿಟ್ಟಿರಿ. ಗಿರಾಕಿ ಬಂದಿದ್ದರೇನೋ.

ಸೊಸೆ


ಮಾರ್ಚ್ 1

ಪ್ರಶ್ನೆಪತ್ರಿಕೆಗೆ,

ಆ ಕಾರ್ಖಾನೆ ವಿಷಯ ಬಿಡು. ಅಲ್ಲಿ ಮಹಡಿ ಹತ್ತಬೇಕು. ಮ್ಯಾನೇಜರನ ಮೀಸೆ ನನಗೆ ಸರಿಹೋಗಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತಾರಂತೆ, ನನಗೆ ಹಸಿವಾದಾಗ ಊಟ ಮಾಡಿ ರೂಢಿ.

ಪಕ್ಕದ ಬೀಗದಂಗಡಿಯವನೂ ನಿನ್ನ ಪಕ್ಷ. ಅವನ ಕಾಟ ತಡೆಯಲಾರದೆ ಒಂದು ದಿನ ಹೋದೆ. ಮಷಿನ್ನಿರುವ ಹಾಲ್‌ ಬಾಗಿಲಿಗೆ ಹೋಗಿ ನಿಂತು ವಾಪಸ್ ಬಂದೆ. ಅಷ್ಟೂ ಮಷಿನ್ನು ಒಟ್ಟಿಗೆ ಓಡುತ್ತವೆ. ನೆಲ ಅದುರುತ್ತದೆ. ಅದರಲ್ಲಿ ಒಂದರ ಸದ್ದನ್ನು ಹೆಕ್ಕಿ ತೆಗೆಯುವುದು ಯಾರಿಂದ ಸಾಧ್ಯ?

ಗೆರೆ ಎಳೆಯುವುದು ಸುಲಭ. ಮೇಷ್ಟ್ರಿಗೆ ಹೇಳು.

ಅತ್ತೆ


ಮಾರ್ಚ್ 8

ಅತ್ತೆಗೆ,

ನಿಮ್ಮ ಕಾಗದ ಚಿಕ್ಕದಿತ್ತು. ಕೋಪವೇ?

ಎರಡನೇ ಪಾಠದಲ್ಲಿ ನಮ್ಮ ಬಗ್ಗೆಯೇ ಬರೆದುಕೊಳ್ಳಬೇಕಿತ್ತು. ಅಂಗಡಿಗೆ ಹೇಗೋ ಮನುಷ್ಯರಿಗೂ ಅದೇ ನಾಲ್ಕು ಮನೆ. ಶಕ್ತಿಯಲ್ಲಿ ಕೈಬರಹ ಚೆನ್ನಾಗಿದೆ, ಗಿರಾಕಿ ಬೈದರೂ ತಡೆದುಕೊಳ್ಳುತ್ತೇನೆ ಎಂದು ಬರೆದೆ. ದೌರ್ಬಲ್ಯದ ಮನೆಗೆ ಬಂದಾಗ ಪೆನ್ನು ನಿಂತಿತು. ಇರುವುದನ್ನು ಇರುವ ಹಾಗೆ ಬರೆಯಬೇಕಲ್ಲ, ಬರೆದೇಬಿಟ್ಟೆ: "ಮದುವೆಯಾಗಿ ಮೂರು ವರ್ಷವಾದರೂ ಅತ್ತೆಯ ಮನಸ್ಸು ಗೆಲ್ಲಲು ಆಗಿಲ್ಲ." ನಾನು ಏನಾದರೂ ಹೇಳಿದರೆ ನೀವು ನನ್ನ ಕಣ್ಣು ನೋಡದೆ ಬೇರೆಲ್ಲೋ ನೋಡುತ್ತೀರಿ. ಅಡುಗೆಮನೆಯಲ್ಲಿ ನಿಮ್ಮ ಹಿಂದೆ ನಿಂತು ಕರೆದರೆ ತಿರುಗುವುದೂ ಇಲ್ಲ. ಫೋನಿನ ಕಥೆಯಂತೂ ಇದ್ದದ್ದೇ. ಬೇಜಾರು ಮಾಡಿಕೊಳ್ಳಬೇಡಿ ಅತ್ತೆ. ಎದುರಿಗೆ ಹೇಳಲಾಗದ್ದನ್ನು ಕಾಗದದಲ್ಲಿ ಹೇಳುತ್ತಿದ್ದೇನೆ.

ನಮ್ಮನ್ನು ಬಲ್ಲ ಒಬ್ಬರಿಂದ ಇನ್ನೊಂದು ಹಾಳೆ ತುಂಬಿಸಿ ತರಬೇಕಂತೆ. ನೀವು ತುಂಬಿಕೊಡುತ್ತೀರಾ?

ಇನ್ನೊಂದು. ತರಗತಿಯಲ್ಲಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿಯೊಬ್ಬಳಿದ್ದಾಳೆ. ನಿಮ್ಮ ಸ್ಕ್ರೂಡ್ರೈವರ್ ಕಥೆ ಕೇಳಿದಾಗಿನಿಂದ ಬಿಡುತ್ತಿಲ್ಲ. "ನಿಮ್ಮತ್ತೆ ಅದನ್ನ ಯಾವಾಗಿಂದ ಹಾಗೆ ಹಿಡೀತಾರೆ? ಎರಡೂ ಕಡೆ ಹಿಡೀತಾರಾ? ಮಾತು ಮೆಲ್ಲಗೆ ಆಡ್ತಾರಾ, ಜೋರಾಗಾ?" ಅಂದಳು. ಮೆಲ್ಲಗೇ ಆಡುತ್ತಾರೆ ಅಂದೆ. "ಹೌದಾ" ಎಂದು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಯಾಕೆ ಕೇಳಿದಳೋ.

ಸೊಸೆ


ಮಾರ್ಚ್ 19

ಅತ್ತೆ,

ನಿಮ್ಮಿಂದ ಉತ್ತರವಿಲ್ಲ. ಈ ಸಲ ಯಾಕೆ ಎಂದು ಗೊತ್ತಾದ ಹಾಗಿದೆ.

ಆ ಹುಡುಗಿಯನ್ನು ಹಿಡಿದು ಕೂರಿಸಿ ಕೇಳಿದೆ. ಸದ್ದು ತಲೆಯೊಳಗೆ ಹೋಗಲು ಎರಡು ದಾರಿಯಂತೆ. ಒಂದು ಕಿವಿಯ ತೂತಿನಿಂದ, ಇನ್ನೊಂದು ಮೂಳೆಯಿಂದ. ಕೆಲವರಿಗೆ ಮೊದಲನೇ ದಾರಿ ವರ್ಷ ವರ್ಷಕ್ಕೂ ಮುಚ್ಚುತ್ತ ಹೋಗುತ್ತದೆ, ಎರಡನೆಯದು ಚೆನ್ನಾಗಿಯೇ ಇರುತ್ತದೆ. ಅವರಿಗೆ ತಮ್ಮ ದನಿ ತಮಗೆ ಜೋರಾಗಿ ಕೇಳುವುದರಿಂದ ಮೆಲ್ಲಗೆ ಮಾತಾಡುತ್ತಾರಂತೆ. ಕಿವಿ ಕೇಳದವರು ಕೂಗಿ ಮಾತಾಡುತ್ತಾರೆ ಎಂದೇ ನಾನು ತಿಳಿದಿದ್ದೆ. ನೀವು ಅಷ್ಟು ಮೆಲ್ಲಗೆ ಆಡುವುದು ನೋಡಿ ಯಾರಿಗೆ ಅನುಮಾನ ಬರಬೇಕು?

ರಾತ್ರಿಯೆಲ್ಲ ಹಳೆಯದನ್ನು ತಿರುವಿ ಹಾಕಿದೆ. ನೀವು ಬೇರೆಲ್ಲೋ ನೋಡುತ್ತಿರಲಿಲ್ಲ, ನನ್ನ ತುಟಿ ನೋಡುತ್ತಿದ್ದಿರಿ. ಅಡುಗೆಮನೆಯಲ್ಲಿ ಬೆನ್ನ ಹಿಂದಿನಿಂದ ಕರೆದದ್ದು ನಾನು.

ನಿಜವೇ ಅತ್ತೆ? ಇದೊಂದನ್ನೇ ಕೇಳುತ್ತೇನೆ. ಇವರಿಗೆ ಹೇಳಿಲ್ಲ. ನೀವು ಹೇಳು ಅನ್ನುವವರೆಗೆ ಹೇಳುವುದೂ ಇಲ್ಲ.

ಆ ಹುಡುಗಿ ಕೊನೆಗೆ ಒಂದು ಮಾತು ಕೇಳಿದಳು, ಅದಕ್ಕೆ ಉತ್ತರ ನಿಮ್ಮೊಬ್ಬರಿಗೇ ಗೊತ್ತು: ಸುತ್ತ ಗಲಾಟೆ ಇರುವಾಗ ಸ್ಕ್ರೂಡ್ರೈವರ್ ಒತ್ತಿಕೊಂಡರೆ ಏನು ಕೇಳಿಸುತ್ತದೆ? ನೀವು ಬಾಗಿಲಲ್ಲಿ ನಿಂತು ವಾಪಸ್ ಬಂದಿರಿ ಎಂದು ಬರೆದಿದ್ದಿರಿ. ಒಳಗೆ ಹೋಗಿ ಒಂದು ಮಷಿನ್ನಿಗೆ ಇಟ್ಟು ನೋಡಿದಿರಾ?

ಮಾರ್ಚ್ ಇನ್ನೂ ಮುಗಿದಿಲ್ಲ.

ಸೊಸೆ


ಮಾರ್ಚ್ 28

ಪ್ರಶ್ನೆಪತ್ರಿಕೆಗೆ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಯಾರಿಗೂ ಗೊತ್ತಾಗದ ಹಾಗೆ ಇಷ್ಟು ವರ್ಷ ಸಂಭಾಳಿಸಿದ್ದನ್ನು ನೀನು ಅಷ್ಟು ದೂರದಲ್ಲಿ ಕೂತು ಹಿಡಿದೆಯಲ್ಲ ಎಂದು. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಅತ್ತುಬಿಟ್ಟೆ. ಯಾಕೆ ಅತ್ತಿರಿ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ, ಗೊತ್ತಿಲ್ಲ. ಹಗುರವಾಯಿತು.

ನಿಜ. ನಿನ್ನ ಮಾವ ಇರುವಾಗಲೇ ಶುರುವಾಗಿತ್ತು. ಮೊದಲು ಗಿರಾಕಿಗಳ ಪಿಸುಮಾತು ಹೋಯಿತು, ಆಮೇಲೆ ಬಾಗಿಲ ಕರೆಗಂಟೆ. ಒಂದು ದಿನ ಮಷಿನ್ನಿನ ಸದ್ದೂ ಸರಿಯಾಗಿ ಕೇಳಿಸಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಲೆಗೆ ಒತ್ತಿಕೊಂಡೆ, ಯಾಕೆ ಹಾಗೆ ಮಾಡಿದೆನೋ. ಕೇಳಿಸಿತು. ಜನ ಅದನ್ನು ವಿದ್ಯೆ ಅಂದರು. ನಾನು ಸುಮ್ಮನಿದ್ದೆ. ಕಿವುಡಿಯ ಹತ್ತಿರ ಯಾರು ಮಷಿನ್ ತರುತ್ತಾರೆ ಹೇಳು?

ಇನ್ನು ಫೋನು. ಬೆಳಕು ಹೊತ್ತಿಕೊಂಡು ನನ್ನ ಮಗನ ಹೆಸರು ಬಂದರೆ ಎತ್ತುತ್ತೇನೆ. ಅವನು ಕೇಳುವುದು ಯಾವತ್ತೂ ಮೂರೇ ಪ್ರಶ್ನೆ, ಅದೂ ಒಂದೇ ಕ್ರಮದಲ್ಲಿ: ಊಟ ಆಯ್ತಾ, ಮೈ ಹುಷಾರಾ, ಅಂಗಡಿ ಹೇಗಿದೆ. ನಾನು ಅವನು ಕೇಳುವಷ್ಟು ಹೊತ್ತು ನಡುನಡುವೆ ಬಿಟ್ಟು, ಆಯ್ತು, ಹುಷಾರು, ನಡೀತಿದೆ ಅನ್ನುತ್ತೇನೆ. ಒಂದು ಸಲವೂ ತಪ್ಪಿಲ್ಲ. ನಿನ್ನ ಹೆಸರು ಬಂದರೆ ಫೋನನ್ನು ಬೋರಲು ಹಾಕಿಬಿಡುತ್ತೇನೆ. ನೀನು ಯಾವತ್ತು ಏನು ಕೇಳುತ್ತೀ ಎಂದು ದೇವರಿಗೇ ಗೊತ್ತು. ಆವತ್ತು ಭಾನುವಾರ ಧೈರ್ಯ ಮಾಡಿ ಎತ್ತಿದೆ, ಒಂದು ಮಾತೂ ಹತ್ತಲಿಲ್ಲ. ನೀನು ಬೇಡವಾಗಿ ಅಲ್ಲ ಮಗಳೇ, ನಿನ್ನ ಹತ್ತಿರ ಸಿಕ್ಕಿಬೀಳುವ ಭಯ.

ಈಗ ಆ ಹುಡುಗಿಯ ಪ್ರಶ್ನೆ. ಅದು ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಮೂರು ದಿನ ತಡೆದೆ, ನಾಲ್ಕನೇ ದಿನ ಮಹಡಿ ಹತ್ತಿದೆ. ಅವರ ಒಂದು ಮಷಿನ್ ಬೆಳಗಿನಿಂದ ಹೊಲಿಗೆ ಬಿಡುತ್ತಿತ್ತಂತೆ, ಅಂದರೆ ನಡುನಡುವೆ ದಾರ ಹಿಡಿಯುತ್ತಿರಲಿಲ್ಲ. ಅದರ ಮುಂದೆ ಕೂತು ಓಡಿಸು ಎಂದು ಸನ್ನೆ ಮಾಡಿದೆ. ಸುತ್ತ ಅಷ್ಟೂ ಮಷಿನ್ನು ಓಡುತ್ತಿವೆ, ನೆಲ ಅದುರುತ್ತಿದೆ. ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದೆ.

ಆ ಒಂದೇ ಒಂದು ಮಷಿನ್ ಕೇಳಿಸಿತು ಕಣೇ. ಉಳಿದವು ನನ್ನ ಕಿವಿಯ ಬಾಗಿಲಲ್ಲೇ ನಿಂತವು, ಒಳಗೆ ಬರಲಿಲ್ಲ. ಕೆಳಗೆ ಬಾಬಿನ್ ತಿರುಗುವ ಜಾಗದಲ್ಲಿ ಸಣ್ಣಗೆ ಟಿಕ್, ಟಿಕ್. ಬಿಚ್ಚಿ ನೋಡಿದರೆ ದಾರ ಹಿಡಿಯುವ ಕೊಕ್ಕೆಯ ಅಂಚು ಸೂಜಿ ತಾಗಿ ತರಚಿತ್ತು. ಉಜ್ಜಿ ನುಣುಪು ಮಾಡಿ ಕೂರಿಸಿದೆ. ಹೊಲಿಗೆ ನೇರ ಬಂತು.

ಮ್ಯಾನೇಜರ್ ಏನೋ ಹೇಳಿದ. ನಾನು ಎಂದಿನಂತೆ ತಲೆ ಆಡಿಸಲು ಹೊರಟವಳು ನಿಲ್ಲಿಸಿದೆ. "ನಂಗೆ ಕಿವಿ ಸರಿಯಾಗಿ ಕೇಳಲ್ಲಪ್ಪ. ಮಾತಾಡೋದಿದ್ರೆ ಎದುರಿಗೆ ನಿಂತು ಮಾತಾಡು" ಅಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವನು ಎದುರಿಗೆ ಬಂದು ನಿಂತು, ಹಾಲಿನ ಕಡೆ ಕೈ ತೋರಿಸಿ, "ಈ ಗಲಾಟೇಲಿ ಯಾರಿಗೆ ಏನಮ್ಮ ಕೇಳತ್ತೆ? ನಾವೆಲ್ಲ ಸನ್ನೇಲೇ ಮಾತಾಡೋದು" ಅಂದ. ನೋಡಿದರೆ ಹೌದು. ಆ ಹೆಂಗಸರೆಲ್ಲ ಬೆರಳಲ್ಲಿ ದಾರ ಕೇಳುತ್ತಾರೆ, ತುಟಿ ನೋಡಿ ನಗುತ್ತಾರೆ. ಅವರ ನಡುವೆ ನಾನೊಬ್ಬಳೇ ಬೇರೆ ಅನಿಸಲಿಲ್ಲ.

ಸೋಮವಾರದಿಂದ ಹೋಗುತ್ತೇನೆ. ಬೆಳಿಗ್ಗೆ ಕಾರ್ಖಾನೆ, ಸಂಜೆ ಅಂಗಡಿ. ನಿಮ್ಮ ಸೋಫಾ ಉಳಿಯಿತು. ಅವನ ಮೀಸೆಯೂ ಹತ್ತಿರದಿಂದ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ.

ಈಗ ನಿನ್ನ ಮೇಷ್ಟ್ರನ್ನು ಕೇಳು, ನನ್ನ ಸ್ಕ್ರೂಡ್ರೈವರನ್ನು ಯಾವ ಮನೆಯಲ್ಲಿ ಬರೆಯಬೇಕು? ಶಕ್ತಿಯಲ್ಲಿ ಬರೆದದ್ದು ನಾನೇ. ಅದರ ಹಿಂದೆ ಅಡಗಿಸಿಟ್ಟದ್ದು ದೌರ್ಬಲ್ಯ. ಕಾರ್ಖಾನೆಯೊಳಗೆ ಹೋದರೆ ಅದೇ ಮತ್ತೆ ಶಕ್ತಿ. ಗೆರೆ ಎಳೆಯುವವರು ಇದಕ್ಕೊಂದು ಉತ್ತರ ಹೇಳಲಿ.

ನಿನ್ನ ಹಾಳೆಯನ್ನೂ ತುಂಬಿದ್ದೇನೆ. ಶಕ್ತಿ: ಕೇಳುತ್ತಾಳೆ, ಬಿಡದೆ ಕೇಳುತ್ತಾಳೆ. ದೌರ್ಬಲ್ಯ: ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಬರೆದುಕೊಂಡುಬಿಡುತ್ತಾಳೆ. ಅತ್ತೆಯ ಮನಸ್ಸು ಗೆದ್ದಿಲ್ಲ ಎಂದು ಬರೆದಿದ್ದೀಯಲ್ಲ, ಅತ್ತೆಯನ್ನು ಕೇಳಿದೆಯಾ? ಅದನ್ನು ಹೊಡೆದುಹಾಕು. ಅವಕಾಶ: ಈ ಕಾಗದ ಸಿಕ್ಕಿದ ಮೇಲೆ ಬರುವ ಭಾನುವಾರ ಸಂಜೆ ಫೋನ್ ಮಾಡುವುದು. ನನಗೊಂದು ಉಪಾಯ ಹೊಳೆದಿದೆ. ಅಪಾಯ: ಉಪಾಯ ಫಲಿಸದೆ ಇರಬಹುದು.

ಮಗನಿಗೆ ಹೇಳು. ಆ ಹುಡುಗಿಗೂ ಹೇಳು, ಅವಳ ಆಸ್ಪತ್ರೆಗೆ ಬಂದು ತೋರಿಸುತ್ತೇನೆ.

ಅತ್ತೆ


ಏಪ್ರಿಲ್ 1

ಅತ್ತೆ,

ಹೊಡೆದುಹಾಕಿದೆ. ಗೆರೆ ಎಷ್ಟು ಜೋರಾಗಿ ಎಳೆದೆನೆಂದರೆ ಹಾಳೆ ಹರಿಯಿತು. ಇವರಿಗೆ ಹೇಳಿದೆ. "ಮೂರೇ ಪ್ರಶ್ನೇನಾ ನಾನು ಕೇಳ್ತಿದ್ದದ್ದು?" ಅಂದರು. ಈಗ ಒಂದು ಚೀಟಿಯಲ್ಲಿ ಹೊಸ ಪ್ರಶ್ನೆ ಬರೆದಿಟ್ಟುಕೊಳ್ಳುತ್ತಿದ್ದಾರೆ.

ಮೇಷ್ಟ್ರು ನಿಮ್ಮ ಪ್ರಶ್ನೆ ಓದಿ ತಲೆ ಕೆರೆದುಕೊಂಡರು. "ಒಂದ್ಸಲ ಬರೆದ ಮೇಲೆ ಮನೆ ಬದಲಾಗಲ್ಲ ಅಂತ ಹಾಳೆ ಹೇಳತ್ತೆ, ಬದಲಾಗತ್ತೆ ಅಂತ ನಿಮ್ಮತ್ತೆ ಹೇಳ್ತಾರೆ. ಮುಂದಿನ ವಾರ ಯೋಚನೆ ಮಾಡಿಕೊಂಡು ಬರ್ತೀನಿ" ಅಂದರು. ನನಗೂ ಉತ್ತರ ಗೊತ್ತಿಲ್ಲ, ನಾನಾಗಿ ಬರೆದುಕೊಳ್ಳುವುದೂ ಇಲ್ಲ.

ಭಾನುವಾರ ಮಾಡುತ್ತೇನೆ. ಏನು ಮಾತಾಡಲಿ? ಭಯವಾಗುತ್ತಿದೆ.

ಸೊಸೆ


ಏಪ್ರಿಲ್ 6

ಪ್ರಶ್ನೆಪತ್ರಿಕೆಗೆ,

ನಿನ್ನೆ ಏನು ಮಾಡಿದೆ ಎಂದು ನೀನು ನೋಡಬೇಕಿತ್ತು. ಫೋನಿನ ಸದ್ದನ್ನು ಪೂರ್ತಿ ಜೋರು ಮಾಡಿ ಮೇಜಿನ ಮೇಲೆ ಮಲಗಿಸಿದೆ. ಸದ್ದು ಬರುವ ತೂತುಗಳ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟೆ, ಹಿಡಿಯನ್ನು ಎಂದಿನ ಜಾಗಕ್ಕೆ ಒತ್ತಿಕೊಂಡೆ. ಬೀಗದಂಗಡಿಯವನು ಇಣುಕಿ ನೋಡಿ, "ಫೋನೂ ರಿಪೇರಿ ಮಾಡಕ್ಕೆ ಶುರು ಮಾಡಿದ್ರಾ?" ಅಂದ. ಅವನ ತುಟಿಯಲ್ಲಿ ಓದಿದೆ.

ಮೊದಲು ಗೊರಗೊರ ಎಂದಿತು. ತುದಿಯನ್ನು ಸ್ವಲ್ಪ ಜರುಗಿಸಿದೆ. ಆಮೇಲೆ ನೀನು ಬಂದೆ.

ನೀನು ಪ್ರಶ್ನೆ ಕೇಳುತ್ತೀ ಅಂದುಕೊಂಡಿದ್ದೆ. ಇಷ್ಟು ವರ್ಷ ಒಂದಿಲ್ಲೊಂದು ಕೇಳಿದವಳು ನಿನ್ನೆ ಬರೀ "ಅತ್ತೆ... ಅತ್ತೆ..." ಅನ್ನುತ್ತಿದ್ದೆ. ಮೂಗು ಎಳೆದದ್ದೂ ಕೇಳಿಸಿತು. ಅದು ಇನ್ನೂ ಜೋರಾಗಿಯೇ ಕೇಳಿಸಿತು, ಮುಂದಿನ ಸಲ ಫೋನ್ ದೂರ ಹಿಡಿದು ಎಳೆ.

ನಿನ್ನ ತುಟಿ ನೋಡಿ ನೋಡಿ ನಿನಗೊಂದು ದನಿ ನಾನೇ ಮಾಡಿಕೊಂಡಿದ್ದೆ. ತೆಳ್ಳಗೆ, ಚೂಪಗೆ, ಎಣ್ಣೆ ಹಾಕದ ಮಷಿನ್ನಿನ ಹಾಗೆ. ಉತ್ತರವನ್ನು ತಾನೇ ಬರೆದುಕೊಳ್ಳುತ್ತಾಳೆ ಎಂದು ನಿನ್ನ ಹಾಳೆಯಲ್ಲಿ ಬರೆದೆನಲ್ಲ, ಅದನ್ನು ನನ್ನ ಹಾಳೆಗೂ ಸೇರಿಸು. ನಿನ್ನ ದನಿ ಹಾಗಿಲ್ಲವೇ ಇಲ್ಲ. ದಪ್ಪ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುತ್ತದೆ.

ಮುಂದಿನ ಭಾನುವಾರ ಅಳಬೇಡ. ಮಾತಾಡು. ಮೂರು ವರ್ಷದಲ್ಲಿ ನನ್ನ ಬೆನ್ನ ಹಿಂದೆ ನಿಂತು ಏನೇನು ಹೇಳಿದ್ದೆಯೋ ಅದನ್ನೆಲ್ಲ ಮೊದಲಿನಿಂದ ಹೇಳು. ಹಿಡಿಗೆ ಒಂದು ತುಂಡು ಬಟ್ಟೆ ಸುತ್ತಿಟ್ಟಿದ್ದೇನೆ, ಎಷ್ಟು ಹೊತ್ತು ಒತ್ತಿಕೊಂಡರೂ ನೋಯುವುದಿಲ್ಲ.

ಅತ್ತೆ